ಅನ್ಯಭಾಷಿಕರ ಕನ್ನಡ ಕಲಿಕೆ ಮತ್ತು ನಮ್ಮ ವ್ಯಾಕರಣ ವಿವೇಕ: ಹೊಸಮನೆಯ ಒಂದು ಜಗಲಿಯಿಂದ

ಅನ್ಯಭಾಷಿಕರು ಕನ್ನಡ ಕಲಿಯುವುದಿಲ್ಲ ಎಂಬ ದೂರು ನಮ್ಮಲ್ಲಿ ಹಳೆಯದು. ಈ ದೂರಿಗೆ ಉತ್ತರವಾಗಿ ಕಾನೂನುಗಳೂ ಬಂದಿವೆ. ಶಾಲೆಗಳಲ್ಲಿ ಕನ್ನಡವನ್ನು ಕಡ್ಡಾಯಗೊಳಿಸಿದ ಕನ್ನಡ ಭಾಷಾ ಕಲಿಕಾ ಅಧಿನಿಯಮ 2015ರದು. ಅದರ ನಂತರ ಬಂದದ್ದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ. ಆದರೆ ಕಲಿಯಲೇಬೇಕೆಂದು ಹೊರಟು, ತಿಂಗಳುಗಟ್ಟಲೆ ಹೆಣಗಿ, ಕೊನೆಗೆ ಇದು ತನ್ನಿಂದಾಗದು ಎಂದು ಪುಸ್ತಕ ಮುಚ್ಚುವ ವಯಸ್ಕರ ಬಗೆಗೆ ಕನ್ನಡ ವಿಭಾಗಗಳಲ್ಲಿರುವ ನಾವು ಏನು ಹೇಳುತ್ತೇವೆ? ಕಾನೂನು ಅವರನ್ನು ತರಗತಿಯ ಬಾಗಿಲವರೆಗೆ ತರಬಲ್ಲದು. ಬಾಗಿಲ ಒಳಗೆ ನಡೆಯುವುದು ವ್ಯಾಕರಣಕ್ಕೆ ಸಂಬಂಧಿಸಿದ್ದು. ಆದ್ದರಿಂದ ಅದು ನಮ್ಮ ಹೊಣೆ. ಇಂಥ ಕಲಿಕಾರ್ಥಿಯ ಸೋಲು ಬಹುಮಟ್ಟಿಗೆ ನಾವು ಕನ್ನಡವನ್ನು ವಿವರಿಸಿಕೊಂಡಿರುವ ರೀತಿಯ ಸೋಲು ಎಂಬುದು ನನ್ನ ನಿಲುವು. ಇದಕ್ಕೆ ನನ್ನ ಬಳಿ ಇರುವ ಆಧಾರ ಒಬ್ಬರೇ ಕಲಿಕಾರ್ಥಿ. ಒಂದು ಉದಾಹರಣೆಯಿಂದ ಸಿದ್ಧಾಂತ ಕಟ್ಟಬಾರದೆಂಬ ಎಚ್ಚರ ನನಗೂ ಇದೆ. ಆದರೆ ಆ ಒಂದು ಉದಾಹರಣೆಯನ್ನು ಎದುರಿಸಲು ಎಂಟು ವರ್ಷದ ನನ್ನ ಕನ್ನಡ ವ್ಯಾಸಂಗ ಸಾಲಲಿಲ್ಲ ಎಂಬುದು ಬರೆದಿಡಬೇಕಾದ ಸಂಗತಿ.

ಶಿವಮೊಗ್ಗ ಜಿಲ್ಲೆಯಲ್ಲಿ ಹೊಸಮನೆ ಎಂಬ ಹೆಸರು ಶಿವಮೊಗ್ಗ ನಗರದಲ್ಲೂ ಇದೆ, ಭದ್ರಾವತಿಯಲ್ಲೂ ಇದೆ. ನಾನು ಹೇಳುತ್ತಿರುವುದು ಭದ್ರಾವತಿಯ ಹೊಸಮನೆಯನ್ನು. ಒಂದು ಕಾಲಕ್ಕೆ ಬೆಂಕಿಪುರವಾಗಿದ್ದ ಈ ಊರಿಗೆ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯೂ 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯೂ ಹಲವು ಭಾಷೆಗಳನ್ನು ಕರೆತಂದವು. ತಮಿಳು, ತೆಲುಗು, ಮಲಯಾಳ, ಉರ್ದು, ಲಂಬಾಣಿ ಇವೆಲ್ಲ ಇಲ್ಲಿಯ ಬೀದಿಗಳಲ್ಲಿ ಕನ್ನಡದೊಡನೆ ಬೆರೆತು ಬದುಕಿವೆ. ಕಾರ್ಖಾನೆಗೆ ಬಂದವರು ಪಾಳಿಯಲ್ಲಿ, ಕ್ಯಾಂಟೀನಿನಲ್ಲಿ, ಸಂಘದ ಸಭೆಯಲ್ಲಿ ಕನ್ನಡ ಕಲಿತರು. ಅವರಿಗೆ ಯಾರೂ ಪಾಠ ಹೇಳಿಕೊಡಲಿಲ್ಲ. ಇಂದು ಕಾಗದದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ವರ್ಷಗಳಾಗಿವೆ. ಈಗ ಬರುವವರು ಟೈಲ್ಸ್ ಹಾಕುವವರು, ಮರಗೆಲಸದವರು, ಹೋಟೆಲಿನವರು. ಅವರು ಗುಂಪಾಗಿ ದುಡಿಯುತ್ತಾರೆ, ಆದರೆ ತಮ್ಮವರ ಗುಂಪಿನಲ್ಲೇ. ಅವರ ಮನೆಯ ಹೆಂಗಸರಿಗಂತೂ ಪಾಳಿಯೂ ಇಲ್ಲ, ಕ್ಯಾಂಟೀನೂ ಇಲ್ಲ. ಕಾರ್ಖಾನೆಯೆಂಬ ಭಾಷಾಶಾಲೆ ಮುಚ್ಚಿದ ಮೇಲೆ ಅದರ ಜಾಗಕ್ಕೆ ಏನು ಬಂದಿದೆ ಎಂದು ಕೇಳಿಕೊಂಡವರು ಕಡಿಮೆ.

ಮಧ್ಯಪ್ರದೇಶದಿಂದ ಬಂದು ನಮ್ಮ ಬೀದಿಯಲ್ಲಿ ನೆಲೆಸಿದ ಒಬ್ಬ ಮಹಿಳೆ ಕನ್ನಡ ಹೇಳಿಕೊಡುವಂತೆ ನನ್ನನ್ನು ಕೇಳಿದರು. ವಯಸ್ಸು ನಲವತ್ತರ ಹತ್ತಿರ, ಹಿಂದಿಯಲ್ಲಿ ಹತ್ತನೆಯ ತರಗತಿಯವರೆಗಿನ ಓದು. ಕಾರಣವನ್ನು ಅವರೇ ಹೇಳಿದರು: ಆಸ್ಪತ್ರೆಯಲ್ಲಿ ತಮ್ಮ ದೇಹದ ತೊಂದರೆಯನ್ನು ನಾಲ್ಕನೆಯ ತರಗತಿಯ ಮಗನ ಬಾಯಿಂದ ಹೇಳಿಸಬೇಕಾಗಿ ಬಂದಿತ್ತು. ಮಗ ಅರ್ಧ ಹೇಳಿದ್ದ, ಅರ್ಧವನ್ನು ನಾಚಿಕೆಯಿಂದ ನುಂಗಿದ್ದ. ಇದಕ್ಕಿಂತ ದೊಡ್ಡ ಕಾರಣವನ್ನು ಯಾವ ಭಾಷಾನೀತಿಯೂ ಒದಗಿಸಲಾರದು. ವಾರಕ್ಕೆ ಮೂರು ಸಂಜೆ ಅವರ ಮನೆಯ ಜಗಲಿಯಲ್ಲಿ ಪಾಠವೆಂದು ಗೊತ್ತಾಯಿತು.

ಹಳಗನ್ನಡ ವ್ಯಾಕರಣಗಳನ್ನು ಕುರಿತು ಸಂಶೋಧನೆ ನಡೆಸುತ್ತಿರುವ ನಾನು ನನಗೆ ತಿಳಿದಂತೆ ಆರಂಭಿಸಿದೆ. ವರ್ಣಮಾಲೆ, ಕಾಗುಣಿತ, ಒತ್ತಕ್ಷರ, ವಿಭಕ್ತಿ ಪ್ರತ್ಯಯಗಳು, ಮೂರು ಕಾಲಗಳು. ಎರಡು ತಿಂಗಳು ಮುಗಿಯುವ ಹೊತ್ತಿಗೆ ಅವರ ಅಕ್ಷರ ನನ್ನ ಅಕ್ಷರಕ್ಕಿಂತ ದುಂಡಗಿತ್ತು. ‘ಅವನು ಶಾಲೆಗೆ ಹೋಗುತ್ತಾನೆ’ ಎಂದು ತಪ್ಪಿಲ್ಲದೆ ಬರೆಯುತ್ತಿದ್ದರು. ಪಕ್ಕದ ಮನೆಯವರು ‘ಎಲ್ಲಿಗ್ಹೋಗ್ತಿದೀರಾ?’ ಎಂದರೆ ಮಾತ್ರ ತಲೆತಗ್ಗಿಸಿ ಒಳಗೆ ಹೋಗಿಬಿಡುತ್ತಿದ್ದರು.

ಒಂದು ಸಂಜೆ ಅವರು ನೋಟ್‌ಬುಕ್ಕನ್ನು ಹಿಂದುಮುಂದು ತಿರುವುತ್ತ ಕುಳಿತಿದ್ದರು. ಪಡಿತರದ ಅಂಗಡಿಯಲ್ಲಿ ಯಾರೋ ಅವರಿಗೆ ‘ಕಾರ್ಡ್ ತಗಂಬನ್ನಿ’ ಎಂದಿದ್ದರು. ‘ಕಾರ್ಡ್’ ತಿಳಿದಿತ್ತು, ‘ತಗಂಬನ್ನಿ’ ಎಂಬ ಪದ ನಾನು ಬರೆಸಿದ್ದ ‘ತ’ ಅಕ್ಷರದ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ಅದು ಒಂದು ಪದವಲ್ಲ, ‘ತೆಗೆದು’, ‘ಕೊಂಡು’, ‘ಬನ್ನಿ’ ಎಂಬ ಮೂರು ಪದಗಳು ಎಂದು ನಾನು ಬಿಡಿಸಿ ತೋರಿಸಿದೆ. ಲೋಪಸಂಧಿಯ ಸಂತೋಷ ನನ್ನ ದನಿಯಲ್ಲಿ ಇದ್ದಿರಬೇಕು. ಅವರು ಬಹಳ ಹೊತ್ತು ನೋಡಿ, ಯಾರೂ ಆಡದ ಮಾತನ್ನು ನನಗೇಕೆ ಕಲಿಸುತ್ತಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದರು. ಅದರಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ತಿಳಿಯಬೇಕಾಗಿತ್ತು.

ಆಡುಮಾತಿಗೂ ಬರೆಹಕ್ಕೂ ಇರುವ ಅಂತರ ನಮಗೆ ಗೊತ್ತಿಲ್ಲದ ವಿಷಯವೇನಲ್ಲ. ಫರ್ಗ್ಯೂಸನ್ 1959ರಲ್ಲಿ ದ್ವಿಸ್ತರ ಭಾಷೆಯ ಪರಿಕಲ್ಪನೆಯನ್ನು ಮಂಡಿಸಿದ್ದನ್ನು ಭಾಷಾವಿಜ್ಞಾನದ ಪತ್ರಿಕೆಯಲ್ಲಿ ನಾವೆಲ್ಲ ಬರೆದವರೇ. ಆಡುಗನ್ನಡದ ರೂಪರೇಷೆಯನ್ನು ವಿಲಿಯಂ ಬ್ರೈಟ್ 1958ರಷ್ಟು ಹಿಂದೆಯೇ ಪ್ರಕಟಿಸಿದರು. ಹೆರಾಲ್ಡ್ ಶಿಫ್‌ಮನ್ ಅವರ ಆಡುಗನ್ನಡ ವ್ಯಾಕರಣ 1983ರಲ್ಲಿ ಅಮೆರಿಕದಿಂದ ಹೊರಬಂತು. ಎರಡೂ ಹೊರಗಿನವರ ಕೆಲಸ, ಎರಡೂ ಇಂಗ್ಲಿಷಿನಲ್ಲಿ, ಕನ್ನಡ ಕಲಿಯಬಯಸುವ ಹೊರಗಿನ ವಯಸ್ಕರನ್ನು ಮನಸ್ಸಿನಲ್ಲಿಟ್ಟುಕೊಂಡು. ನಾವಾದರೋ ಆಡುಮಾತನ್ನು ಉಪಭಾಷೆಗಳ ಅಧ್ಯಯನವೆಂಬ ಒಂದು ಕೋಣೆಯಲ್ಲಿ ಇರಿಸಿದೆವು. ಶಿವಮೊಗ್ಗ ಸೀಮೆಯ ‘ತಗಂಬನ್ನಿ’ ಅಲ್ಲಿ ಸಂಗ್ರಹಯೋಗ್ಯ ವಸ್ತು. ಅದನ್ನು ಒಬ್ಬ ಹೆಂಗಸಿಗೆ ಅರ್ಥಮಾಡಿಸುವ ದಾರಿ ಆ ಕೋಣೆಯಲ್ಲಿ ಇಲ್ಲ.

ಇಲ್ಲಿ ಚರಿತ್ರೆಯ ಒಂದು ಮಾತನ್ನು ನೆನೆಯಬೇಕು. ಆಧುನಿಕ ಕನ್ನಡ ವ್ಯಾಕರಣದ ಮೊದಲ ಪುಸ್ತಕಗಳು ಹುಟ್ಟಿದ್ದೇ ವಯಸ್ಕ ಕಲಿಕಾರ್ಥಿಗಳಿಗಾಗಿ. ಕಂಪನಿಯ ಎಳೆಯ ಅಧಿಕಾರಿಗಳಿಗೆ ದಕ್ಷಿಣದ ಭಾಷೆಗಳನ್ನು ಕಲಿಸಲು ಮದರಾಸಿನಲ್ಲಿ 1812ರಲ್ಲಿ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ಆರಂಭವಾಯಿತು. ಆ ವಲಯದಿಂದಲೇ ಎಲ್ಲಿಸ್ 1816ರಲ್ಲಿ ದಕ್ಷಿಣದ ಭಾಷೆಗಳು ಸಂಸ್ಕೃತಜನ್ಯವಲ್ಲವೆಂಬ ವಾದವನ್ನು ಮುಂದಿಟ್ಟದ್ದು. ಕಾಲ್ಡ್‌ವೆಲ್ಲರ ಗ್ರಂಥ ಬಂದದ್ದು ಅದಾದ ನಲವತ್ತು ವರ್ಷಕ್ಕೆ. ಮೆಕೆರೆಲ್ಲರ ಕರ್ಣಾಟಕ ವ್ಯಾಕರಣ 1820ರದು. 1853ರಲ್ಲಿ ಬಂದಿಳಿದ ಕಿಟ್ಟೆಲರು 1894ರ ನಿಘಂಟನ್ನೂ 1903ರ ವ್ಯಾಕರಣವನ್ನೂ ಕೊಡುವ ಮುನ್ನ ಅಕ್ಷರದಿಂದ ಕಲಿತ ಒಬ್ಬ ವಯಸ್ಕ ವಿದ್ಯಾರ್ಥಿಯೇ. ಇಂಥವರ ಎದುರು ಒಬ್ಬೊಬ್ಬ ಮುನ್ಷಿ ಕುಳಿತಿರುತ್ತಿದ್ದ. ದಿನವೂ ತಡವರಿಸುವ ನಾಲಿಗೆಯೊಂದನ್ನು ಕೇಳಿಸಿಕೊಂಡು, ಅದು ಏಕೆ ತಡವರಿಸುತ್ತದೆ ಎಂದು ಯೋಚಿಸಿದ ಆ ಮುನ್ಷಿಗಳಲ್ಲಿ ಹೆಚ್ಚಿನವರ ಹೆಸರು ನಮಗೆ ಉಳಿದಿಲ್ಲ. ಪಂಡಿತ ಪರಂಪರೆಯ ಚರಿತ್ರೆ ಬರೆದೆವು, ಮುನ್ಷಿ ಪರಂಪರೆಯನ್ನು ಬರೆಯಲಿಲ್ಲ. ಅಧಿಕಾರಿಯ ತಡವರಿಕೆ ವ್ಯಾಕರಣ ಗ್ರಂಥವಾಯಿತು. ಟೈಲ್ಸ್ ಕೆಲಸದವನ ಹೆಂಡತಿಯ ತಡವರಿಕೆ ನಗೆಯ ವಸ್ತುವಾಗಿ ಉಳಿಯಿತು. ವಸಾಹತುಶಾಹಿಯ ಬಗೆಗೆ ಇಷ್ಟೆಲ್ಲ ಬರೆದ ನಾವು ಈ ವ್ಯತ್ಯಾಸವನ್ನು ಕುರಿತು ಬರೆಯಬೇಕಿತ್ತು.

ಮತ್ತೆ ಜಗಲಿಗೆ ಬರುತ್ತೇನೆ. ‘ತಗಂಬನ್ನಿ’ಯ ನಂತರ ಪಾಠದ ಕ್ರಮ ಬದಲಾಯಿತು. ಅವರು ದಿನವೂ ಕೇಳಿಸಿಕೊಂಡು ತಂದ ಒಂದು ಮಾತೇ ಆ ದಿನದ ಪಾಠ. ಆದರೂ ಕೆಲವು ತಪ್ಪುಗಳು ಕದಲಲಿಲ್ಲ. ಅವುಗಳಲ್ಲಿ ಮುಖ್ಯವಾದುದು ‘ಇಲ್ಲ’, ‘ಅಲ್ಲ’ಗಳದು. ಆಸ್ಪತ್ರೆಯಲ್ಲಿ ಬಿಳಿ ಕೋಟಿನ ಒಬ್ಬರನ್ನು ಕುರಿತು ‘ಅವರು ಡಾಕ್ಟರ್ ಇಲ್ಲ’ ಎಂದರು. ಅವರು ಹೇಳಬೇಕಿದ್ದುದು ‘ಅವರು ಡಾಕ್ಟರ್ ಅಲ್ಲ’ ಎಂದು. ಕೇಳಿದವರು ಡಾಕ್ಟರು ಬಂದಿಲ್ಲವೆಂದು ತಿಳಿದರು. ನಾನು ತಿದ್ದಿದೆ. ಮರುವಾರ ಮತ್ತೆ ಅದೇ. ಒಂದೂವರೆ ತಿಂಗಳು ತಿದ್ದಿದೆ. ಇದರ ಜೊತೆಗೆ ಅವರದು ಇನ್ನೊಂದು ತಪ್ಪಿತ್ತು: ‘ಅವರು ಡಾಕ್ಟರ್ ಇದ್ದಾರೆ’, ‘ಇದು ನನ್ನ ಮನೆ ಇದೆ’. ಇದನ್ನೂ ಬೇರೆಯಾಗಿ ತಿದ್ದುತ್ತಿದ್ದೆ.

ಇವೆರಡೂ ಒಂದೇ ತಪ್ಪು ಎಂದು ನನಗೆ ಹೊಳೆಯಲು ಅಷ್ಟು ಕಾಲ ಬೇಕಾಯಿತು ಎಂಬುದು ನನ್ನ ಓದಿನ ಬಗೆಗೆ ಏನು ಹೇಳುತ್ತದೋ ಓದುಗರು ಊಹಿಸಬಹುದು. ಹಿಂದಿಯಲ್ಲಿ ‘ಅವರು ಡಾಕ್ಟರ್’ ಎಂಬುದು ವಾಕ್ಯವಾಗಲು ‘ಹೈ’ ಬೇಕು. ಕನ್ನಡದಲ್ಲಿ ಎರಡು ನಾಮಪದಗಳನ್ನು ಪಕ್ಕಪಕ್ಕ ಇಟ್ಟರೆ ವಾಕ್ಯ ಮುಗಿಯುತ್ತದೆ, ಕ್ರಿಯಾಪದವೇ ಬೇಡ. ಇರುವಿಕೆಯನ್ನು ಹೇಳಲಷ್ಟೇ ನಮಗೆ ‘ಇರು’ ಬೇಕು. ಆದ್ದರಿಂದ ನಿಷೇಧವೂ ನಮ್ಮಲ್ಲಿ ಎರಡು: ಇರುವಿಕೆಯ ನಿರಾಕರಣೆಗೆ ‘ಇಲ್ಲ’, ಇಂಥದೆಂಬುದರ ನಿರಾಕರಣೆಗೆ ‘ಅಲ್ಲ’. ಹಿಂದಿಯ ‘ಹೈ’ ಎರಡು ಕೆಲಸವನ್ನೂ ಮಾಡುವುದರಿಂದ ‘ನಹೀಂ’ ಕೂಡ ಎರಡಕ್ಕೂ ಸಾಕು. ಆಕೆ ತಪ್ಪು ಮಾಡುತ್ತಿರಲಿಲ್ಲ, ಕನ್ನಡದ ಪದಗಳಿಂದ ಹಿಂದಿಯ ನಿಯಮವನ್ನು ಪಾಲಿಸುತ್ತಿದ್ದರು. (ಕಲಬುರಗಿ, ಬೀದರದ ಕಡೆ ‘ಅವರು ಮಾಸ್ತರ್ ಇದ್ದಾರೆ’ ಎಂಬ ಮಾತು ಸಹಜವಾಗಿ ಕೇಳಸಿಗುತ್ತದೆ. ಭದ್ರೆಯ ದಂಡೆಯಲ್ಲಿ ತಪ್ಪಾದುದು ಅಲ್ಲಿ ನುಡಿಯ ಜಾಯಮಾನ.) ಮರುದಿನ ಎರಡು ಲೋಟಗಳನ್ನು ಇಟ್ಟುಕೊಂಡು ಕುಳಿತೆವು. ‘ಇದು ಹಾಲಲ್ಲ, ನೀರು.’ ‘ಇದರಲ್ಲಿ ಹಾಲಿಲ್ಲ.’ ಮೊದಲ ವಾಕ್ಯದಿಂದ ‘ಇದೆ’ಯನ್ನು ತೆಗೆದುಹಾಕಲು ಕಲಿತ ಮೇಲೆ ‘ಅಲ್ಲ’ ತಾನಾಗಿ ಬಂತು.

ಕನ್ನಡದ ಬಗೆಗೆ ಇಷ್ಟು ಮೂಲಭೂತವಾದ ಸಂಗತಿಯನ್ನು ನಮ್ಮ ಶಾಲಾ ವ್ಯಾಕರಣಗಳು ಹೇಳುವುದಿಲ್ಲ, ಏಕೆಂದರೆ ಅವು ಕನ್ನಡ ಬಲ್ಲವರಿಗಾಗಿ ಬರೆದವು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ. ಎನ್. ಶಂಕರ ಭಟ್ಟರು 2000ದಲ್ಲಿ ವಾದಿಸಿದಾಗ ನಡೆದ ಚರ್ಚೆ ಬಹುಪಾಲು ಸಂಸ್ಕೃತದ ಪರ, ವಿರೋಧಗಳಲ್ಲಿ ಹಾಗೂ ಅವರ ಅಕ್ಷರ ಸುಧಾರಣೆಯ ಸುತ್ತ ಕಳೆದುಹೋಯಿತು. ಆ ವ್ಯಾಕರಣ ಯಾರಿಗೆ ಬೇಕು ಎಂಬುದನ್ನು ನಾವು ಅಷ್ಟಾಗಿ ಕೇಳಿಕೊಳ್ಳಲಿಲ್ಲ.

ತಪ್ಪನ್ನು ನಿಯಮಬದ್ಧವೆಂದು ನೋಡುವ ದೃಷ್ಟಿ ಪಾಶ್ಚಾತ್ಯರಲ್ಲಿ ಕಾರ್ಡರ್ 1967ರಲ್ಲಿ, ಸೆಲಿಂಕರ್ 1972ರಲ್ಲಿ ಬರೆದ ಲೇಖನಗಳಿಂದ ಬೆಳೆಯಿತು ಎಂದು ಪಠ್ಯಗಳು ಹೇಳುತ್ತವೆ. ನನಗೆ ಅದಕ್ಕಿಂತ ಹತ್ತಿರದ ಮಾದರಿ ಕಾಣುವುದು ಹದಿಮೂರನೆಯ ಶತಮಾನದ ಕೇಶಿರಾಜನಲ್ಲಿ. ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣವನ್ನು ನಾವು ತದ್ಭವಗಳ ಪಟ್ಟಿಯಾಗಿ ಓದುತ್ತೇವೆ. ‘ವರ್ಣ’ ‘ಬಣ್ಣ’ವಾದದ್ದು, ‘ಯಶ’ ‘ಜಸ’ವಾದದ್ದು, ‘ಆಕಾಶ’ ‘ಆಗಸ’ವಾದದ್ದು. ಸಂಸ್ಕೃತ ಪಂಡಿತನ ಕಿವಿಗೆ ಇವೆಲ್ಲ ಕನ್ನಡಿಗರ ಬಾಯಲ್ಲಿ ಕೆಟ್ಟ ಪದಗಳು. ಅಪಭ್ರಂಶ ಎಂಬ ಹೆಸರಿನಲ್ಲೇ ಆ ದೂರು ಇದೆ. ಕೇಶಿರಾಜ ಹೆಸರನ್ನು ಉಳಿಸಿಕೊಂಡು ದೂರನ್ನು ಬಿಟ್ಟ. ಯಾವ ಅಕ್ಷರ ಯಾವುದಾಗುತ್ತದೆ ಎಂದು ಸೂತ್ರ ಬರೆದ. ಒಂದು ಭಾಷೆಯ ಪದ ಇನ್ನೊಂದು ಭಾಷೆಯವರ ಬಾಯಲ್ಲಿ ಬದಲಾಗುವುದಕ್ಕೆ ಕ್ರಮವಿದೆ ಎಂದು ಒಪ್ಪಿಕೊಂಡ ವ್ಯಾಕರಣ ಪರಂಪರೆ ನಮ್ಮದು. ಕನ್ನಡದ ಪದ ಹಿಂದಿಯವರ, ಒಡಿಯಾದವರ, ಬಂಗಾಳಿಗಳ ಬಾಯಲ್ಲಿ ಬದಲಾಗುವಾಗ ಮಾತ್ರ ಕ್ರಮ ಕಾಣದೆ ಕೊಲೆ ಕಾಣುತ್ತದೆ. ‘ಕನ್ನಡದ ಕೊಲೆ’ ಎಂಬ ಮಾತನ್ನು ಎಷ್ಟು ಸಲೀಸಾಗಿ ಬಳಸುತ್ತೇವೆ!

ನಾಲ್ಕನೆಯ ತಿಂಗಳಲ್ಲಿ ಹನ್ನೊಂದು ದಿನ ಅವರು ಪಾಠಕ್ಕೆ ಕೂರಲಿಲ್ಲ. ಆಸಕ್ತಿ ಇಳಿಯಿತೆಂದು ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟಿದ್ದೆ. ಆಮೇಲೆ ತಿಳಿಯಿತು: ಕಳೆದ ಪಾಠದಲ್ಲಿ ನಾನು ಅವರಿಗೆ ಒಂದು ವಾಕ್ಯವನ್ನೂ ಪೂರ್ತಿ ಮಾಡಲು ಬಿಟ್ಟಿರಲಿಲ್ಲ. ಅರವತ್ತು ಜನರ ತರಗತಿಯಲ್ಲಿ ತಿಳಿಯದವರು ಬೆನ್ನ ಹಿಂದೆ ಅಡಗಿಕೊಳ್ಳಬಹುದು. ಒಬ್ಬರಿಗೊಬ್ಬರು ಎದುರು ಕುಳಿತಾಗ ಅಡಗಲು ಜಾಗವಿಲ್ಲ. ಅವರ ಮೌನ ಇಡೀ ಜಗಲಿಯ ಮೌನವಾಗುತ್ತದೆ. ಮೇಷ್ಟ್ರಿಗೂ ಅಲ್ಲಿ ಅಡಗುತಾಣವಿಲ್ಲವೆನ್ನಿ. ಈ ಬ್ಯಾಚೇ ಹಾಗೆ ಎನ್ನುವಂತಿಲ್ಲ. ಅಂದಿನಿಂದ ಮಾತಿನ ನಡುವೆ ತಿದ್ದುವುದನ್ನು ಬಿಟ್ಟೆ. ಕೇಳಿದ್ದನ್ನು ಬರೆದುಕೊಂಡು, ಒಂದೇ ಬಗೆಯ ತಪ್ಪುಗಳನ್ನು ಕೂಡಿಸಿ, ವಾರಕ್ಕೆ ಒಂದನ್ನು ಮಾತ್ರ ಎತ್ತಿಕೊಂಡೆ.

ನೆರೆಹೊರೆಯವರ ಪಾತ್ರವನ್ನೂ ಹೇಳಬೇಕು. ಭದ್ರಾವತಿಯವರು ಭಾಷೆಯ ವಿಷಯದಲ್ಲಿ ಉದಾರಿಗಳು. ಆಕೆ ‘ಸೊಪ್ಪು’ ಎಂದು ಬಾಯಿ ತೆರೆಯುವಷ್ಟರಲ್ಲಿ ಸೊಪ್ಪಿನವಳು ಹಿಂದಿಗೆ ಹೊರಳಿರುತ್ತಿದ್ದಳು. ಈ ಸೌಜನ್ಯ ಊರಿನ ಬಹುಭಾಷಿಕತೆಯ ಕೊಡುಗೆ, ಅದನ್ನು ಹಳಿಯಲಾರೆ. ಆದರೆ ಕಲಿಯುವವರ ಬಾಯಿಂದ ಕನ್ನಡವನ್ನು ಕಿತ್ತುಕೊಳ್ಳುವುದೂ ಅದೇ. ಅವರು ಕನ್ನಡ ಕಲಿಯುವುದಿಲ್ಲ ಎಂದು ದೂರುವವರೂ, ಎದುರಿಗೆ ಸಿಕ್ಕಾಗ ಹಿಂದಿಗೆ ಹೊರಳುವವರೂ ಅನೇಕ ವೇಳೆ ಒಬ್ಬರೇ.

ಅವರು ಮರಳಿ ಬಂದ ದಿನ ಇನ್ನೊಂದು ನೋಟ್‌ಬುಕ್ಕನ್ನು ತೋರಿಸಿದರು. ನನಗೆ ತಿಳಿಯದಂತೆ, ಕೇಳಿದ ಕನ್ನಡವನ್ನೆಲ್ಲ ದೇವನಾಗರಿಯಲ್ಲಿ ಬರೆದುಕೊಂಡಿದ್ದರು. ಅದರ ಒಂದು ಪುಟ ನನ್ನ ಪ್ರಬಂಧದ ಒಂದು ಅಧ್ಯಾಯಕ್ಕಿಂತ ಹೆಚ್ಚು ಕಲಿಸಿತು. ಹಿಂದಿಯಲ್ಲಿ ಹ್ರಸ್ವ ಎ, ಒ ಇಲ್ಲ, ಳಕಾರವೂ ಇಲ್ಲ. ‘ಬೆಲೆ’, ‘ಬೆಳೆ’, ‘ಬೇಳೆ’ ಈ ಮೂರೂ ಅವರ ಪುಸ್ತಕದಲ್ಲಿ ಒಂದೇ ರೂಪದಲ್ಲಿ, ‘ಬೇಲೆ’ ಎಂದು ಇದ್ದವು. ಅಂಗಡಿಯಲ್ಲಿ ಬೇಳೆಯ ಬೆಲೆ ಕೇಳುವುದು ಅವರಿಗೆ ಏಕೆ ಅಷ್ಟು ಕಷ್ಟವಾಗಿತ್ತು ಎಂಬುದು ಆಗ ಅರ್ಥವಾಯಿತು. ಇಲ್ಲಿ ನನ್ನ ಹೊಸ ಉತ್ಸಾಹಕ್ಕೂ ಒಂದು ಪೆಟ್ಟು ಬಿತ್ತು. ಮಾತು ಮೊದಲು, ಅಕ್ಷರ ಆಮೇಲೆ ಎಂದು ಅಷ್ಟರಲ್ಲಿ ನಂಬಿಕೊಂಡಿದ್ದೆ. ಆದರೆ ಕಿವಿಗೆ ಕೇಳದ ಈ ಭೇದವನ್ನು ಅವರ ಕಣ್ಣಿಗೆ ತೋರಿಸಿದ್ದು ಕನ್ನಡ ಲಿಪಿ. ‘ಎ’ ಮತ್ತು ‘ಏ’ ಎರಡು ಅಕ್ಷರಗಳೆಂದು ಕಂಡ ಮೇಲೆ ಅವು ಎರಡು ದನಿಗಳೆಂದು ಕೇಳತೊಡಗಿದವು. ವರ್ಣಮಾಲೆ ನಿರುಪಯುಕ್ತವಲ್ಲ, ಯಾರಿಗೆ, ಯಾವ ಅಕ್ಷರ, ಯಾವಾಗ ಎಂಬುದನ್ನು ಎದುರು ಕುಳಿತವರನ್ನು ನೋಡಿ ನಿರ್ಧರಿಸಬೇಕು. ಅಚ್ಚಾದ ಪಠ್ಯ ಇದನ್ನು ಮಾಡಲಾರದು.

ಅದೇ ಪುಸ್ತಕ ಇನ್ನೊಂದು ಗಂಟನ್ನೂ ಬಿಡಿಸಿತು. ಅವರು ‘ಕೊಟ್ಟೆ’ ಎನ್ನುವಲ್ಲಿ ‘ಕೊಡಿದೆ’ ಎನ್ನುತ್ತಿದ್ದರು. ‘ಕೊಟ್ಟ’, ‘ಇಟ್ಟ’, ‘ಬಿಟ್ಟ’ಗಳನ್ನು ನಿಯಮಕ್ಕೆ ಸಿಗದ ರೂಪಗಳೆಂದು ಬಾಯಿಪಾಠ ಮಾಡಿಸುವುದು ವಾಡಿಕೆ, ನಾನೂ ಮಾಡಿಸಿದ್ದೆ. ದೇವನಾಗರಿಯಲ್ಲಿ ಅವರು ‘ನೋಡು’, ‘ಕೋಡು’ ಎಂದು ಎರಡಕ್ಕೂ ದೀರ್ಘವನ್ನೇ ಬರೆದದ್ದನ್ನು ಕಂಡಾಗ ನಿಂತು ಯೋಚಿಸಿದೆ. ಮಾಡು, ನೋಡು, ಓಡು, ಹಾಡು, ಬೇಡು: ಮೊದಲ ಸ್ವರ ದೀರ್ಘ, ಭೂತರೂಪ ‘ಮಾಡಿದ’, ‘ನೋಡಿದ’. ಕೊಡು, ಇಡು, ಬಿಡು, ಸುಡು, ಉಡು, ನೆಡು: ಮೊದಲ ಸ್ವರ ಹ್ರಸ್ವ, ಭೂತರೂಪ ‘ಕೊಟ್ಟ’, ‘ಇಟ್ಟ’. ನಾವು ದಿನವೂ ಪಾಲಿಸುವ ನಿಯಮವಿದು. ಹ್ರಸ್ವ, ದೀರ್ಘ ‘ಒ’ಕಾರಗಳು ಒಂದೇ ಆಗಿ ಕೇಳುವ ಕಿವಿಗೆ ‘ನೋಡಿದೆ’ಯಂತೆ ‘ಕೊಡಿದೆ’ ಎನ್ನುವುದು ಸರಿಯಾದ ತರ್ಕ.

ಇಂಥ ಪುಸ್ತಕಗಳು ಈ ನಾಡಿನಲ್ಲಿ ಎಷ್ಟು ಇರಬಹುದು? ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 1969ರಿಂದ ಇದೆ. ಅದರ ದಕ್ಷಿಣ ಪ್ರಾದೇಶಿಕ ಕೇಂದ್ರ ಬೇರೆ ರಾಜ್ಯಗಳ ಶಿಕ್ಷಕರಿಗೆ ಕನ್ನಡ ಕಲಿಸುತ್ತ ಬಂದಿದೆ. ತಾಂತ್ರಿಕ ಕಾಲೇಜುಗಳಲ್ಲಿ ‘ಬಳಕೆ ಕನ್ನಡ’ ಎಂಬ ಪಠ್ಯವಿದೆ. ಆದರೆ ನಾನು ಓದಿದ ಎಂ.ಎ. ಪಠ್ಯಕ್ರಮದಲ್ಲಿ ಕನ್ನಡ ಬಾರದ ಒಬ್ಬರಿಗೆ ಕನ್ನಡ ಕಲಿಸಿ ನೋಡುವ ಒಂದು ಗಂಟೆಯೂ ಇರಲಿಲ್ಲ. ಪ್ರತಿ ಕನ್ನಡ ವಿಭಾಗದ ಪ್ರತಿ ಸಂಶೋಧನಾರ್ಥಿ ಒಂದು ವರ್ಷ ಒಬ್ಬ ವಯಸ್ಕರಿಗೆ ಕಲಿಸಲಿ, ಅದರ ದಿನಚರಿ ಇಡಲಿ, ಆ ದಿನಚರಿಗಳು ವಿಭಾಗದ ಗ್ರಂಥಾಲಯದಲ್ಲಿ ಹಸ್ತಪ್ರತಿಗಳ ಪಕ್ಕದಲ್ಲಿ ಇರಲಿ ಎಂಬುದು ನನ್ನ ಸೂಚನೆ. ಇದು ಸಮಾಜಸೇವೆ, ಸಂಶೋಧನೆಯಲ್ಲ ಎಂಬ ಆಕ್ಷೇಪ ಬರುತ್ತದೆ. ಹಾಗಾದರೆ ಕಿಟ್ಟೆಲರ ಮುನ್ಷಿಗಳು ಮಾಡಿದ್ದು ಏನು? ಇದಕ್ಕಿಂತ ಗಂಭೀರವಾದ ಆಕ್ಷೇಪವನ್ನು ಆಕೆಯೇ ಎತ್ತಿದರು. ನಾನು ಬರೆದುಕೊಳ್ಳುವುದನ್ನು ನೋಡಿ, ಇದು ನನಗಾಗಿಯೋ ನಿಮಗಾಗಿಯೋ ಎಂದು ಕೇಳಿದರು. ಕಲಿಯಲು ಬಂದವರನ್ನು ಮಾಹಿತಿದಾರರನ್ನಾಗಿ ಮಾಡಿಕೊಳ್ಳುವ ಅಪಾಯ ನಿಜ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಒಪ್ಪಿಗೆ ಪಡೆದೇ ಇಲ್ಲಿ ಬಳಸಿದ್ದೇನೆ. ಹೆಸರು ಬೇಡವೆಂದರು.

ಪಾಠ ಈಗ ಒಂಬತ್ತನೆಯ ತಿಂಗಳಿನಲ್ಲಿದೆ. ದೂರವಾಣಿಯಲ್ಲಿ ಕನ್ನಡ ಕೇಳಿದರೆ ಇಂದಿಗೂ ಗಾಬರಿಯಾಗುತ್ತಾರೆ. ‘ಹಳ್ಳಿ’ ಇಂದಿಗೂ ಹೆಚ್ಚುಕಡಿಮೆ ‘ಹಲ್ಲಿ’ಯೇ. ಆದರೆ ಕಳೆದ ತಿಂಗಳು ಆಸ್ಪತ್ರೆಗೆ ಮಗನನ್ನು ಕರೆದೊಯ್ಯಲಿಲ್ಲ. ಏನು ಹೇಳಿದಿರಿ ಎಂದು ನಾನು ಕೇಳಲಿಲ್ಲ. ಮೊನ್ನೆ ಪಾಠಕ್ಕೆ ಕುಳಿತಾಗ ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದರು. ‘ಏನಾಯ್ತು?’ ಎಂದೆ. ‘ಕೈ ಸುಟ್ಟೆ’ ಎಂದರು. ‘ಸುಡು’ ಎಂಬುದರ ಭೂತರೂಪವನ್ನು ನಾನು ಅವರಿಗೆ ಕಲಿಸಿರಲಿಲ್ಲ. ನಾವಾದರೆ ‘ಸುಟ್ಕೊಂಡೆ’ ಎನ್ನುತ್ತಿದ್ದೆವು. ತಿದ್ದಲಿಲ್ಲ, ‘ಕೊಳ್ಳು’ ಎಂದು ತಲೆಬರಹ ಕೊಟ್ಟು ಹೊಸ ಪುಟದಲ್ಲಿ ಬರೆದುಕೊಂಡೆ. ಅದರ ಕೆಳಗೆ ಹಳೆಯ ಪುಟದಿಂದ ‘ತಗಂಬನ್ನಿ’ಯನ್ನೂ ತಂದು ಸೇರಿಸಿದ್ದೇನೆ. ಮುಂದಿನ ವಾರದ ಪಾಠ ಅದು.